ಪರೀಕ್ಷೆಯಲ್ಲಿರುವ ಔಷಧ ಮತ್ತು ರೋಗಿಯ ಸಮ್ಮತಿ

ರೋಗ ಬಂದಾಗ ಚಿಕಿತ್ಸೆ ಪಡೆಯಬೇಕೆಂಬುದರಲ್ಲಿ ನಮಗೆ ಸಂದೇಹವಿಲ್ಲ. ಪ್ರವಾದಿವರ್ಯರು(ಸ) ಅದನ್ನೇ ಬೋಧಿಸಿದ್ದಾರೆ. ಔಷಧ ಸೇವಿಸುವುದು ತವಕ್ಕುಲ್‌ಗೆ ವಿರುದ್ಧವಲ್ಲ. ಆದರೆ ಆ ಔಷಧವೇ ಇನ್ನೂ ಪರೀಕ್ಷೆಯ ಹಂತದಲ್ಲಿದ್ದರೆ? ಅದರಿಂದ ಗುಣವಾಗುವುದೋ ಕೇಡಾಗುವುದೋ ವೈದ್ಯರಿಗೂ ಖಚಿತವಿಲ್ಲದಿದ್ದರೆ? ಅದನ್ನು ಕೊಡುವುದು ನ್ಯಾಯವೇ, ಒಪ್ಪಿಕೊಳ್ಳುವುದು ವಿವೇಕವೇ?

ಒಂದು ರೋಗವನ್ನೇ ಉದಾಹರಣೆಯಾಗಿ ತೆಗೆದುಕೊಳ್ಳೋಣ. ರಕ್ತದ ಕ್ಯಾನ್ಸರ್, ಥಲಸೇಮಿಯಾ ಮುಂತಾದ ರೋಗಗಳಿಗೆ ಇನ್ನೊಬ್ಬರ ಅಸ್ಥಿಮಜ್ಜೆಯ ಮೂಲಕೋಶಗಳನ್ನು ಕಸಿ ಮಾಡುತ್ತಾರೆ. ನಮ್ಮ ದೇಶದಲ್ಲಿ ಇದು 1983ರಲ್ಲಿ ಮುಂಬಯಿಯ ಟಾಟಾ ಸ್ಮಾರಕ ಆಸ್ಪತ್ರೆಯಲ್ಲಿ, 1986ರಲ್ಲಿ ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜಿನಲ್ಲಿ ಆರಂಭವಾಯಿತು. ಹೆಚ್ಚಾಗಿ ದಾನಿ ಒಡಹುಟ್ಟಿದವರೇ. ಕಸಿ ಯಶಸ್ವಿಯಾದ ಮೇಲೂ ಕೆಲವರಲ್ಲಿ ದಾನಿಯ ಕೋಶಗಳು ರೋಗಿಯ ದೇಹವನ್ನೇ ಪರಕೀಯವೆಂದು ಬಗೆದು ಅದರ ಮೇಲೆ ದಾಳಿ ಮಾಡುತ್ತವೆ. ಇದು ದೀರ್ಘಕಾಲ ಉಳಿದರೆ ಅದನ್ನು ಕ್ರಾನಿಕ್ ಗ್ರಾಫ್ಟ್ ವರ್ಸಸ್ ಹೋಸ್ಟ್ ಡಿಸೀಸ್ ಎನ್ನುತ್ತಾರೆ. ಚರ್ಮ ಬಿಗಿದು ಗಡುಸಾಗುತ್ತದೆ, ಕಣ್ಣು ಒಣಗಿ ಉರಿಯುತ್ತದೆ, ಬಾಯಿ ಹುಣ್ಣಾಗಿ ಅನ್ನ ನುಂಗುವುದೂ ಕಷ್ಟವಾಗುತ್ತದೆ. ಶ್ವಾಸಕೋಶಕ್ಕೆ ತಗುಲಿದರೆ ಉಸಿರೇ ಭಾರ.

ತಮ್ಮನಿಗೆ ಜೀವ ಕೊಟ್ಟ ಅಣ್ಣ, ನನ್ನ ದಾನವೇ ಅವನನ್ನು ನೋಯಿಸುತ್ತಿದೆಯೆಂದು ಕೊರಗಬಹುದು. ಆದರೆ ಆತನ ಮೇಲೆ ಯಾವ ದೋಷವೂ ಇಲ್ಲ. ಕರ್ಮಗಳ ಬೆಲೆ ಉದ್ದೇಶದಲ್ಲಿದೆ. ಅಷ್ಟೇ ಅಲ್ಲ, ಉಳಿದ ಕ್ಯಾನ್ಸರ್ ಕಣಗಳನ್ನು ಹುಡುಕಿ ನಾಶಪಡಿಸುವುದೂ ಆ ಕೋಶಗಳೇ. ಆದ್ದರಿಂದಲೇ ಅವುಗಳನ್ನು ಪೂರ್ತಿ ಅಡಗಿಸಿಬಿಡುವಂತೆಯೂ ಇಲ್ಲ.

ಮೊದಲ ಔಷಧ ಸ್ಟಿರಾಯ್ಡ್. ಸುಮಾರು ಅರ್ಧದಷ್ಟು ರೋಗಿಗಳಿಗೆ ಅದು ಸಾಲುವುದಿಲ್ಲ. ದೀರ್ಘಕಾಲ ಸೇವಿಸಿದರೆ ಮೂಳೆ ಸವೆಯುತ್ತದೆ, ಸಕ್ಕರೆ ಕಾಯಿಲೆ ಮತ್ತು ಸೋಂಕುಗಳ ಭಯವೂ ಇದೆ. ಹೊಸ ಔಷಧದ ಅಗತ್ಯ ಬಂದದ್ದು ಹೀಗೆ.

ಹೊಸದನ್ನು ಪರೀಕ್ಷಿಸುವಾಗ ರೋಗಿಗಳನ್ನು ಎರಡು ಗುಂಪು ಮಾಡಿ, ಯಾರು ಯಾವ ಗುಂಪಿಗೆ ಎಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸುತ್ತಾರೆ. ಇದು ಕ್ರೂರವೆಂದು ನಿಮಗೆ ಅನ್ನಿಸಬಹುದು. ಆದರೆ ನಮ್ಮ ಕುಷ್ಟಗಿ, ಯಲಬುರ್ಗಾದ ಮಳೆಯಾಶ್ರಿತ ಹೊಲದ ರೈತನನ್ನು ಕೇಳಿ. ಹೊಸ ಬೀಜ ಬಂದರೆ ಅವನು ಇಡೀ ಹೊಲಕ್ಕೆ ಬಿತ್ತುವುದಿಲ್ಲ. ಒಂದು ಪಟ್ಟಿಗೆ ಹೊಸದು, ಪಕ್ಕದ ಪಟ್ಟಿಗೆ ಹಳೆಯದು. ಅದೇ ಮಣ್ಣು, ಅದೇ ಮಳೆ. ಹೊಸದನ್ನು ಗಂಗಾವತಿಯ ಕಾಲುವೆ ನೀರಿನ ಗದ್ದೆಯಲ್ಲಿ, ಹಳೆಯದನ್ನು ಬೆದ್ದಲಲ್ಲಿ ಬಿತ್ತಿ ಹೋಲಿಸಿದರೆ ಸತ್ಯ ಸಿಗುವುದೇ?

ಹೋಲಿಕೆಯಿಲ್ಲದ ಭರವಸೆ ಎಷ್ಟು ದುರ್ಬಲವೆಂಬುದಕ್ಕೆ ಈ ರೋಗದಲ್ಲೇ ನಿದರ್ಶನವಿದೆ. ಇತರ ಚಿಕಿತ್ಸೆ ಫಲಿಸದವರಿಗಾಗಿ ಇಬ್ರುಟಿನಿಬ್ ಎಂಬ ಔಷಧಕ್ಕೆ 2017ರಲ್ಲಿ ಅಮೆರಿಕದಲ್ಲಿ ಅನುಮತಿ ದೊರೆಯಿತು. ಆಧಾರ, ಎದುರು ಗುಂಪಿಲ್ಲದೆ 42 ಮಂದಿಯ ಮೇಲೆ ನಡೆದ ಅಧ್ಯಯನ. ಬಳಿಕ ಅದನ್ನು ಆರಂಭದಲ್ಲೇ ಸ್ಟಿರಾಯ್ಡ್ ಜೊತೆ ಕೊಟ್ಟು ಹೋಲಿಸಿದಾಗ ಶೇ. 41 ಮಂದಿಗೆ ಫಲ ಸಿಕ್ಕಿತು. ಸ್ಟಿರಾಯ್ಡ್ ಜೊತೆ ಹುಸಿ ಮಾತ್ರೆ ಪಡೆದವರಲ್ಲಿ ಶೇ. 37. ಇದು ಗಣನೀಯ ವ್ಯತ್ಯಾಸವಲ್ಲ. ಇದಕ್ಕೆ ವಿರುದ್ಧವಾಗಿ, 329 ಮಂದಿಯ ಇನ್ನೊಂದು ಪರೀಕ್ಷೆಯಲ್ಲಿ ರುಕ್ಸೋಲಿಟಿನಿಬ್ ಪಡೆದವರ ಪೈಕಿ 24 ವಾರಗಳಲ್ಲಿ ಸುಮಾರು ಅರ್ಧದಷ್ಟು ಜನರಿಗೆ ಗುಣ ಕಂಡಿತು. ಹಳೆಯ ಔಷಧಗಳ ಗುಂಪಿನಲ್ಲಿ ಸುಮಾರು ಕಾಲು ಭಾಗಕ್ಕೆ. ಇದರ ವರದಿ 2021ರಲ್ಲಿ ಪ್ರಕಟವಾಯಿತು. ಹಳೆಯ ಔಷಧ ಫಲಿಸದವರಿಗೆ 24 ವಾರಗಳ ನಂತರ ಹೊಸದಕ್ಕೆ ಬದಲಾಗಲು ಅವಕಾಶವಿತ್ತು. ಅಂದರೆ ಚೀಟಿ ಎತ್ತಿದರೂ ಯಾರನ್ನೂ ಕೈಬಿಡಲಿಲ್ಲ.

ಆದರೆ ಬೀಜದ ಹೋಲಿಕೆ ಒಂದೆಡೆ ನಿಂತುಬಿಡುತ್ತದೆ. ಬೀಜವನ್ನು ಯಾರೂ ಕೇಳುವುದಿಲ್ಲ. ಮನುಷ್ಯನನ್ನು ಕೇಳಲೇಬೇಕು. ಅವನ ದೇಹ ಅಲ್ಲಾಹನು ಅವನಿಗೊಪ್ಪಿಸಿದ ಅಮಾನತು. ಅದು ವೈದ್ಯರ ಹೊಲವಲ್ಲ. ಎರಡನೆಯ ಮಹಾಯುದ್ಧದಲ್ಲಿ ಕೈದಿಗಳ ಮೇಲೆ ಜರ್ಮನ್ ವೈದ್ಯರು ನಡೆಸಿದ ಪ್ರಯೋಗಗಳ ವಿಚಾರಣೆಯಾದಾಗ 1947ರ ನ್ಯೂರೆಂಬರ್ಗ್ ಸಂಹಿತೆ ಮೊದಲ ಸ್ಥಾನ ಕೊಟ್ಟದ್ದು ಸ್ವಇಚ್ಛೆಯ ಸಮ್ಮತಿಗೇ.

ಇಲ್ಲೇ ಕಠಿಣ ಪ್ರಶ್ನೆ. ಬೇರೆ ದಾರಿಯಿಲ್ಲದವನ ಒಪ್ಪಿಗೆ ನಿಜವಾದ ಒಪ್ಪಿಗೆಯೇ? ಮುಳುಗುವವನು ಹುಲ್ಲುಕಡ್ಡಿಗೂ ಕೈ ಚಾಚುತ್ತಾನೆ. ಕೊಪ್ಪಳದಿಂದ ದೂರದ ನಗರದ ಆಸ್ಪತ್ರೆಗೆ ಹೋಗಿ, ಇದ್ದ ಹಣವೆಲ್ಲ ಮುಗಿದು, ಬಿಳಿಯಂಗಿಯ ವೈದ್ಯರ ಮುಂದೆ ಕುಳಿತ ಕುಟುಂಬಕ್ಕೆ ‘ಬೇಡ’ ಎನ್ನುವ ಧೈರ್ಯವೆಲ್ಲಿಂದ ಬರಬೇಕು? ಸಂಕಟವೇ ಒಪ್ಪಿಗೆಯನ್ನು ಸುಳ್ಳಾಗಿಸುವುದಿಲ್ಲ. ಹಾಗಾದರೆ ಯಾವ ರೋಗಿಯೂ ಶಸ್ತ್ರಚಿಕಿತ್ಸೆಗೂ ಒಪ್ಪಲಾಗದು. ಒಪ್ಪಿಗೆಯನ್ನು ಸುಳ್ಳಾಗಿಸುವುದು ಆ ಸಂಕಟದ ಲಾಭ ಪಡೆಯುವುದು, ಅಂದರೆ ಅಪಾಯವನ್ನು ಮುಚ್ಚಿಡುವುದು, ಪರೀಕ್ಷೆಯನ್ನೇ ಖಚಿತ ಚಿಕಿತ್ಸೆಯೆಂದು ನಂಬಿಸುವುದು, ‘ಬೇಡ’ ಎಂದರೆ ಇರುವ ಚಿಕಿತ್ಸೆಯೂ ತಪ್ಪುವುದೆಂಬ ಭಯ ಹುಟ್ಟಿಸುವುದು. ವ್ಯಾಪಾರದಲ್ಲಿ ಸರಕಿನ ದೋಷ ಮುಚ್ಚಿಡುವುದು ನಿಷಿದ್ಧವಾಗಿರುವಾಗ, ಪ್ರಾಣದ ವಿಷಯದಲ್ಲಿ ಅದು ಹೇಗೆ ಸರಿಯಾದೀತು?

ನಮ್ಮ ದೇಶದ 2019ರ ಹೊಸ ಔಷಧ ಮತ್ತು ಕ್ಲಿನಿಕಲ್ ಪರೀಕ್ಷಾ ನಿಯಮಗಳು ನೈತಿಕ ಸಮಿತಿಯ ಅನುಮತಿಯನ್ನು ಕಡ್ಡಾಯಗೊಳಿಸಿವೆ. ಮಾಹಿತಿ ರೋಗಿಗೆ ತಿಳಿಯುವ ಭಾಷೆಯಲ್ಲಿರಬೇಕು, ಓದು ಬಾರದವರ ಸಮ್ಮತಿಗೆ ನಿಷ್ಪಕ್ಷ ಸಾಕ್ಷಿ ಇರಬೇಕು, ಪರೀಕ್ಷೆಯಿಂದ ಹಾನಿಯಾದರೆ ಪರಿಹಾರ ಸಿಗಬೇಕು. ಯಾವ ಹಂತದಲ್ಲೂ ರೋಗಿ ಹಿಂದೆ ಸರಿಯಬಹುದು. ಆದರೆ ಕಾಗದದ ಹಕ್ಕು ಕೇಳುವವನಿಗೆ ಮಾತ್ರ ದಕ್ಕುತ್ತದೆ.

ಆದ್ದರಿಂದ ಓದುಗರೇ, ನಿಮ್ಮ ಓಣಿಯಲ್ಲಿ ಯಾರಾದರೂ ಅಂಥ ಪತ್ರ ಹಿಡಿದು ಬಂದರೆ ‘ಸಹಿ ಹಾಕು’ ಎಂದೋ ‘ಬೇಡ, ಇಲಿಯಂತೆ ಬಳಸುತ್ತಾರೆ’ ಎಂದೋ ಹೇಳಿ ಕಳಿಸಬೇಡಿ. ಜೊತೆಗೆ ಕುಳಿತು ಓದಿ ಹೇಳಿ. ಒಪ್ಪದಿದ್ದರೆ ಯಾವ ಚಿಕಿತ್ಸೆಯಿದೆ, ಆಗಬಹುದಾದ ಹಾನಿಯೇನು, ಖರ್ಚು ಯಾರದು, ಪರೀಕ್ಷೆ ಮುಗಿದ ಮೇಲೆ ಔಷಧ ಸಿಗುವುದೇ ಎಂದು ಆಸ್ಪತ್ರೆಯಲ್ಲಿ ಕೇಳಲು ನೆರವಾಗಿ. ತಿಳಿದು ‘ಹೌದು’ ಎಂದ ರೋಗಿ, ತಾನು ಗುಣವಾಗದಿದ್ದರೂ, ತನ್ನ ನಂತರ ಬರುವ ಅಪರಿಚಿತ ರೋಗಿಗೆ ದಾರಿ ಮಾಡಿಕೊಟ್ಟಿರುತ್ತಾನೆ. ತಿಳಿದು ‘ಬೇಡ’ ಎಂದವನೂ ತಪ್ಪಿತಸ್ಥನಲ್ಲ. ಇಬ್ಬರಿಗೂ ತಿಳಿಯುವಂತೆ ಮಾಡುವುದು ಮಾತ್ರ ನಮ್ಮೆಲ್ಲರ ಹೊಣೆ.