ಹಲ್ಲಿಲ್ಲದ ಬಾಯಿಗೆ ಎಂಜಲುಂಟೆ?

ನಾಲ್ಕು ತಿಂಗಳ ಮೊಮ್ಮಗನನ್ನು ಎದೆಗೆ ಹಾಕಿಕೊಂಡರೆ ಅವನ ಕೈಗೆ ಮೊದಲು ಸಿಗುವುದು ನನ್ನ ಶಿವದಾರ. ಜಗ್ಗುತ್ತಾನೆ, ಬೆಳ್ಳಿ ಕರಡಿಗೆ ಮೇಲೆ ಬರುತ್ತದೆ, ನೇರ ಬಾಯಿಗೆ ಹೋಗುತ್ತದೆ. ವಸಡಿನಲ್ಲೇ ಕಚ್ಚಿ ಕಚ್ಚಿ ಚೀಪುತ್ತಾನೆ. ಜೊಲ್ಲು ಇಳಿದು ನನ್ನ ಸೆರಗೆಲ್ಲ ತೊಯ್ಯುತ್ತದೆ. ಕರಡಿಗೆಯೊಳಗೆ ಇಷ್ಟಲಿಂಗ ಇದೆ. ಜಹೀರಾಬಾದಿನ ನಮ್ಮ ಓಣಿಯ ಹೆಂಗಸರಲ್ಲಿ ಈ ವಿಷಯಕ್ಕೆ ಎರಡು ಪಂಗಡ. “ಅಯ್ಯ, ಲಿಂಗಕ್ಕ ಎಂಜಲ ಮಾಡ್ತಾನಲ್ರೀ, ಬಿಡಸ್ಕೋರಿ” ಎನ್ನುವವರು ಕೆಲವರು. “ಕೂಸಿನ ಬಾಯಿಗಿ ಎಂಥಾ ಎಂಜಲ, ಇನ್ನಾ ಹಲ್ಲೇ ಬಂದಿಲ್ಲ” ಎನ್ನುವವರು ಉಳಿದವರು.

ನನ್ನನ್ನು ಹೆಚ್ಚು ಕೊರೆದದ್ದು ಎರಡನೆಯವರ ಮಾತು. ಬೈಯುವವರಿಗೆ ಉತ್ತರ ಕೊಡಬಹುದು. ಪರವಾಗಿ ನಿಂತವರಿಗೆ ಏನು ಹೇಳುವುದು? ಹಲ್ಲು ಬರುವ ತನಕ ಎಂಜಲಿಲ್ಲ ಎಂದರೆ, ಹಲ್ಲು ಮೂಡಿದ ಮರುದಿನ ಅದೇ ಬಾಯಿ, ಅದೇ ಜೊಲ್ಲು ಮೈಲಿಗೆಯಾಯಿತೇ?

ಹಲ್ಲಿನಿಂದ ಗೆರೆ ಎಳೆಯುವ ಶಾಸ್ತ್ರ ಇಲ್ಲದಿಲ್ಲ, ಎಂಜಲಿಗಲ್ಲ, ಸಾವಿಗೆ. ಯಾಜ್ಞವಲ್ಕ್ಯ ಸ್ಮೃತಿಯಲ್ಲಿ ಸೂತಕದ ಲೆಕ್ಕ ಹಲ್ಲಿನಿಂದಲೇ ಶುರುವಾಗುತ್ತದೆ. ಹಲ್ಲು ಹುಟ್ಟುವ ಮೊದಲು ಕೂಸು ತೀರಿಕೊಂಡರೆ ನೆಂಟರಿಗೆ ಆ ಕ್ಷಣವೇ ಶುದ್ಧಿ. ಹಲ್ಲು ಬಂದು ಚೌಲ ಆಗುವ ಮೊದಲಾದರೆ ಒಂದು ರಾತ್ರಿ, ಉಪನಯನದ ತನಕ ಮೂರು ರಾತ್ರಿ, ಆಮೇಲೆ ಹತ್ತು. ಕೂಸನ್ನು ಮಡಿಲಲ್ಲಿಟ್ಟುಕೊಂಡು ಇಂಥದ್ದು ಓದುತ್ತೀಯಾ ಎಂದು ಮಗಳು ಪುಸ್ತಕ ಕಸಿದುಕೊಂಡಳು. ಆದರೆ ಆ ಲೆಕ್ಕ ಮಾಡಿದವರು ಕಲ್ಲೆದೆಯವರಲ್ಲ ಅನಿಸುತ್ತದೆ. ಕೂಸುಗಳು ಸಾಲುಸಾಲಾಗಿ ಸಾಯುತ್ತಿದ್ದ ಕಾಲದಲ್ಲಿ ಪ್ರತಿ ಸಾವಿಗೂ ಹತ್ತು ದಿನ ಕೂತರೆ ಹೊಲ ಮನೆ ನಡೆಯುವುದೆಂತು? ಆದರೂ ಗೆರೆ ಗೆರೆಯೇ. ಗೆರೆ ಎಳೆಯುವುದು ಏನೆಂದು ನಮ್ಮ ಸೀಮೆಯವರಿಗೆ ಹೇಳಿಕೊಡಬೇಕಿಲ್ಲ: 1956ರ ನವೆಂಬರ್ 1ರಂದು ಬೀದರ್ ಜಿಲ್ಲೆಯ ಜಹೀರಾಬಾದು, ನಾರಾಯಣಖೇಡ, ಗುಲ್ಬರ್ಗಾ ಜಿಲ್ಲೆಯ ತಾಂಡೂರು ಆಂಧ್ರಪ್ರದೇಶದ ಪಾಲಾದವು. ಮನೆಯೊಳಗಿನ ಮಾತು ಆ ದಿನವೇ ಬದಲಾಗಲಿಲ್ಲ.

ನನ್ನ ಅವ್ವ ಹಲ್ಲು ಬಾರದ ಒಂದು ಕೂಸನ್ನು ಕಳೆದುಕೊಂಡವಳು. ಅದಕ್ಕೂ ದೊಡ್ಡವರಿಗೆ ಹಚ್ಚುವ ಹಾಗೆಯೇ ವಿಭೂತಿ ಹಚ್ಚಿ, ಲಿಂಗ ಸಹಿತ ಮಣ್ಣು ಮಾಡಿದರಂತೆ. ನಮ್ಮ ಲಿಂಗವಂತರಲ್ಲಿ ಹಲ್ಲಿದ್ದವರಿಗೂ ಇಲ್ಲದವರಿಗೂ ಒಂದೇ ಮಣ್ಣು. ಸೂತಕ ಎಷ್ಟು ದಿನ ಎಂದು ಯಾರೂ ಕೇಳಲಿಲ್ಲ. ಬಸವಣ್ಣನವರ ಹಾದಿ ಹಿಡಿದವರು ಬಿಟ್ಟ ಸೂತಕಗಳು ಐದು: ಹುಟ್ಟು, ಸಾವು, ಮುಟ್ಟು, ಎಂಜಲು, ಜಾತಿ. ಎಂಜಲು ಈ ಪಟ್ಟಿಯಲ್ಲಿ ಹೇಗೆ ಬಂತು ಎಂದು ಚಿಕ್ಕವಳಿದ್ದಾಗ ಯೋಚಿಸುತ್ತಿದ್ದೆ. ಸಾವು, ಜಾತಿಗಳ ಮುಂದೆ ಅದು ತೀರ ಸಣ್ಣದು ಅನಿಸುತ್ತಿತ್ತು. ಕೂಸು ಸಾಕುವವರಿಗೆ ಅದು ಸಣ್ಣದಲ್ಲ. ಇಡೀ ದಿನ ನಾವು ಇನ್ನೊಬ್ಬರ ಬಾಯಿಯ ನೀರಿನಲ್ಲೇ ಇರುತ್ತೇವೆ.

ಓಣಿಯಲ್ಲಿ ಇನ್ನೊಂದು ಸಮಾಧಾನವೂ ಸಿಗುತ್ತದೆ: ಬೇಡರ ಕಣ್ಣಪ್ಪ ಬಾಯಲ್ಲಿ ನೀರು ತುಂಬಿ ತಂದು ಲಿಂಗದ ಮೇಲೆ ಸುರಿಯಲಿಲ್ಲವೇ, ಶಿವ ಒಪ್ಪಲಿಲ್ಲವೇ? 1954ರ ರಾಜಕುಮಾರ್ ಸಿನಿಮಾ ನೋಡಿದವರಿಗೆಲ್ಲ ಈ ಕತೆ ಗೊತ್ತು. ನನಗೆ ಇದು ಒಪ್ಪಿಗೆಯಿಲ್ಲ. ಕಣ್ಣಪ್ಪನ ಭಕ್ತಿ ದೊಡ್ಡದು, ಅದಕ್ಕೆ ಎಂಜಲು ಮಾಫಿಯಾಯಿತು ಎಂಬುದು ಆ ಮಾತಿನ ಒಳಗಿರುವ ಲೆಕ್ಕ. “ಕೂಸು ಅಂದ್ರ ದೇವರು” ಎಂಬ ಮಾತೂ ಅದೇ ಮಾಫಿ. ನನ್ನ ಮೊಮ್ಮಗನಿಗೆ ಭಕ್ತಿ ಇಲ್ಲ, ವಸಡು ಕಡಿಯುತ್ತಿದೆ, ತಣ್ಣನೆಯ ಬೆಳ್ಳಿ ಬೇಕು, ಅಷ್ಟೆ. ಮಾಫಿ ಮಾಡಬೇಕಾದರೆ ಮೊದಲು ತಪ್ಪು ಇರಬೇಕು. ಬಸವಣ್ಣ ಕೇಳಿದ್ದು ಬೇರೆ ಪ್ರಶ್ನೆ: ಹಾಲಿಗೆ ಕರು ಬಾಯಿ ಹಾಕಿದೆ, ನೀರಿಗೆ ಮೀನು, ಹೂವಿಗೆ ದುಂಬಿ. ಬಾಯಿ ಸೋಕದ್ದನ್ನೇ ಕೊಡುತ್ತೇನೆಂದರೆ ಪೂಜೆಗೆ ಉಳಿಯುವುದೇನು? ಅಲ್ಲಿ ಯಾರಿಗೂ ಮಾಫಿ ಇಲ್ಲ, ಯಾರ ಮೇಲೂ ತಪ್ಪೂ ಇಲ್ಲ. ವರ್ಜ್ಯದ ಗೆರೆಯೂ ಎಲ್ಲೆಡೆ ಒಂದೇ ಅಲ್ಲ: ಹತ್ತಿರದ ಝರಾಸಂಗಮದಲ್ಲಿ, ಶಿವನಿಗೆ ವರ್ಜ್ಯವೆಂದು ಊರೆಲ್ಲ ಹೇಳುವ ಕೇದಗೆಯನ್ನೇ ಕೇತಕಿ ಸಂಗಮೇಶ್ವರನಿಗೆ ಏರಿಸುತ್ತಾರೆ.

ಇಷ್ಟು ಹೇಳಿದರೂ ಕರಡಿಗೆಯನ್ನು ನಾನು ದಿನಕ್ಕೆ ನಾಲ್ಕು ಸಲ ತೊಳೆಯುತ್ತೇನೆ. ಲಿಂಗಕ್ಕಾಗಿ ಅಲ್ಲ, ಕೂಸಿನ ಹೊಟ್ಟೆಗಾಗಿ. ಹಲ್ಲು ಬರುವಾಗ ಭೇದಿ ಆಗುತ್ತದೆ ಎಂದು ನಮ್ಮವರು ಸುಮ್ಮನಿರುತ್ತಾರೆ. ಭೇದಿ ಬರುವುದು ಹಲ್ಲಿನಿಂದಲ್ಲ, ಕಂಡದ್ದೆಲ್ಲ ಬಾಯಿಗೆ ಹೋಗುವುದರಿಂದ. ಜೊಲ್ಲಿಗೂ ಹಲ್ಲೊಂದೇ ಕಾರಣವಲ್ಲ. ಮೂರನೆಯ ತಿಂಗಳ ಹೊತ್ತಿಗೆ ಬಾಯಲ್ಲಿ ನೀರು ಹೆಚ್ಚುತ್ತದೆ, ಅದನ್ನು ನುಂಗುವುದು ಕೂಸಿಗೆ ಇನ್ನೂ ಸರಿಯಾಗಿ ಬಂದಿರುವುದಿಲ್ಲ. ಮೊದಲ ಹಲ್ಲು ಸಾಮಾನ್ಯವಾಗಿ ಆರನೆಯ ತಿಂಗಳಿಗೆ; ಕೆಲವರಿಗೆ ನಾಲ್ಕಕ್ಕೇ, ಕೆಲವರಿಗೆ ವರ್ಷ ತುಂಬಿದಾಗ. ಹಾಲುಹಲ್ಲಿನ ಮೊಳಕೆಯಂತೂ ಗರ್ಭದ ಎರಡನೆಯ ತಿಂಗಳಿಗೇ ಹುಟ್ಟಿರುತ್ತದೆ. ಅಂದರೆ ಹಲ್ಲಿಲ್ಲದ ಬಾಯಿ ಎಂದು ನಾವು ಕರೆಯುವ ಬಾಯಲ್ಲಿ ಹಲ್ಲು ಆಗಲೇ ಇದೆ, ನಮಗೆ ಕಾಣುತ್ತಿಲ್ಲ. ಎಂಜಲಿನ ಗೆರೆಯನ್ನು ಎಲ್ಲಿ ಎಳೆಯುತ್ತೀರಿ?

ಇಷ್ಟರಲ್ಲಿ ನಮ್ಮ ಕೂಸಿಗೂ ಹಲ್ಲು ಬೇಗನೇ ಬಂತು, ಅದೂ ಮೇಲಿನದು. ಸಾಮಾನ್ಯವಾಗಿ ಕೆಳಗಿನ ಎರಡು ಮೊದಲು ಬರುತ್ತವೆ. ಕಂಡುಹಿಡಿದವರು ನಾರಾಯಣಖೇಡದಿಂದ ಕೂಸನ್ನು ನೋಡಲು ಬಂದಿದ್ದ ಬೀಗತಿ. ತುಟಿ ಎತ್ತಿ ನೋಡಿ ಮುಖ ಸಣ್ಣದು ಮಾಡಿಕೊಂಡರು. “ಮ್ಯಾಲಿನ ಹಲ್ಲ ಮೊದಲ ಬಂದ್ರ ಸೋದರಮಾವಗ ಛಲೋ ಅಲ್ಲ ಅಕ್ಕಾ.” ಸೋದರಮಾವ ಎಂದರೆ ನನ್ನ ಮಗ, ತಾಂಡೂರಿನಲ್ಲಿ ಹಾಸುಗಲ್ಲು ಪಾಲಿಶ್ ಮಾಡಿಸುವ ಕೆಲಸದಲ್ಲಿದ್ದಾನೆ. ಅವನಿಗೆ ಕೇಡಾದರೆ ಆ ಕಲ್ಲಿನ ಧೂಳಿನಿಂದ ಆಗಬೇಕು, ಅದರ ಚಿಂತೆ ನನಗೆ ದಿನವೂ ಇದೆ. ಆದರೆ ಧೂಳಿಗೆ ಯಾರೂ ಶಾಂತಿ ಮಾಡಿಸು ಎನ್ನುವುದಿಲ್ಲ. ಒಬ್ಬರ ಕರ್ಮದ ಫಲ ಇನ್ನೊಬ್ಬರ ವಸಡಿನಲ್ಲಿ ಮೊಳೆಯುತ್ತದೆ ಎಂದರೆ, ಕರ್ಮ ನಂಬುವವರೂ ಒಪ್ಪಬಾರದು.

ಬೀಗತಿಗೆ ಇದನ್ನೆಲ್ಲ ಹೇಳಲಿಲ್ಲ. ಅವರೂ ಲಿಂಗವಂತರು, ಅವರ ಕೊರಳಲ್ಲೂ ಕರಡಿಗೆ ಇದೆ. ಅದಕ್ಕೆ ಒಂದೇ ಮಾತು ಕೇಳಿದೆ: “ಚನ್ನಬಸವಣ್ಣ ಬಸವಣ್ಣಗ ಅಕ್ಕನ ಮಗ ಅಲ್ಲೇನ್ರಿ? ಅಂವಗ ಮೊದಲ ಯಾವ ಹಲ್ಲ ಬಂದಿತ್ತೋ ಯಾರರ ನೋಡ್ಯಾರೇನು?”

ಬೀಗತಿ ಕೂಸಿನ ಗಲ್ಲ ಒರೆಸುತ್ತಾ ಎಂದರು: “ನೋಡಿಲ್ಲ ಖರೆ. ಆದ್ರ ಅಂವನ ಸೋದರಮಾವ ಕಲ್ಯಾಣ ಬಿಟ್ಟು ಹೋಗಬೇಕಾತಲ್ಲಕ್ಕಾ?”