ಕಂಪ್ಯೂಟರ್ ವಿದ್ಯೆಯೂ ಅಮಾನತಿನ ಹೊಣೆಯೂ





ಪಿಯುಸಿ ಮುಗಿಸಿ, ಸಿಇಟಿ ಬರೆದು, ಕಂಪ್ಯೂಟರ್ ಸೈನ್ಸ್ ವಿಭಾಗದಲ್ಲಿ ಸೀಟು ಪಡೆದು ಕಾಲೇಜಿನ ಮೆಟ್ಟಿಲು ಹತ್ತುತ್ತಿರುವ ನಿಮಗೆ ಈಗ ಸಲಹೆಗಳ ಕೊರತೆಯಿಲ್ಲ. ಯಾವ ಲ್ಯಾಪ್‌ಟಾಪ್ ಕೊಳ್ಳಬೇಕು, ಯಾವ ಭಾಷೆ ಮೊದಲು ಕಲಿಯಬೇಕು, ಯಾವ ಕಂಪನಿ ಎಷ್ಟು ಸಂಬಳ ಕೊಡುತ್ತದೆ ಎಂದು ಹೇಳುವವರು ಮನೆಯಲ್ಲೂ ಇದ್ದಾರೆ, ಮಸೀದಿಯ ಅಂಗಳದಲ್ಲೂ ಇದ್ದಾರೆ. ಇವೆಲ್ಲ ವ್ಯರ್ಥ ಮಾತುಗಳಲ್ಲ. ಧರ್ಮಬದ್ಧವಾಗಿ ಸಂಪಾದಿಸಿ ತಂದೆ ತಾಯಿಯ ಭಾರ ಇಳಿಸುವುದು ಇಸ್ಲಾಮಿನಲ್ಲಿ ಪುಣ್ಯದ ಕಾರ್ಯವೇ ಆಗಿದೆ. ಆದರೆ ಇವೆಲ್ಲಕ್ಕಿಂತ ಮೊದಲು ಕೇಳಿಕೊಳ್ಳಬೇಕಾದ ಪ್ರಶ್ನೆಯೊಂದಿದೆ. ಯಾರ ಕಣ್ಣಿಗೂ ಬೀಳದ, ಬಿದ್ದರೂ ಹೆಚ್ಚಿನವರಿಗೆ ಅರ್ಥವಾಗದ ಕೆಲಸವನ್ನು ಮಾಡಲು ಹೊರಟವನು ಯಾರಿಗೆ ಉತ್ತರ ಕೊಡಬೇಕು?

ದರ್ಜಿಯ ಹೊಲಿಗೆ ಬಿಟ್ಟರೆ ಗಿರಾಕಿಗೆ ಕಾಣುತ್ತದೆ. ಮೇಸ್ತ್ರಿ ಕಟ್ಟಿದ ಗೋಡೆ ವಾಲಿದರೆ ದಾರಿಹೋಕನಿಗೂ ತಿಳಿಯುತ್ತದೆ. ಪ್ರೋಗ್ರಾಮ್ ಹಾಗಲ್ಲ. ಅದನ್ನು ಬಳಸುವವನಿಗೆ ಕಾಣುವುದು ಪರದೆಯ ಮೇಲಿನ ಅಕ್ಷರ ಮತ್ತು ಅಂಕೆಗಳು ಮಾತ್ರ. ಒಳಗೆ ಏನಿದೆ ಎಂಬುದು ಬರೆದವನಿಗೆ ಗೊತ್ತು, ಅಲ್ಲಾಹನಿಗೆ ಗೊತ್ತು.

ಈ ವಿದ್ಯೆಯ ಬೇರು

ಕಂಪ್ಯೂಟರ್ ವಿದ್ಯೆ ನಮಗೆ ಪರಕೀಯವಾದುದೇನೂ ಅಲ್ಲ. ಮೊದಲ ವರ್ಷದಲ್ಲಿಯೇ ನೀವು ಕೇಳುವ ಆಲ್ಗೊರಿದಮ್ ಎಂಬ ಪದ ಹುಟ್ಟಿದ್ದು ಅಲ್ ಖ್ವಾರಿಝ್ಮಿ ಎಂಬ ವಿದ್ವಾಂಸರ ಹೆಸರು ಲ್ಯಾಟಿನ್ ಬಾಯಿಗಳಲ್ಲಿ ಮಾರ್ಪಟ್ಟು. 9ನೇ ಶತಮಾನದಲ್ಲಿ, ಖಲೀಫಾ ಮಅಮೂನರ ಕಾಲದ ಬಗ್ದಾದಿನಲ್ಲಿ ಅವರಿದ್ದರು. ಭಾರತದ ಅಂಕೆಗಳ ಲೆಕ್ಕವನ್ನು ವಿವರಿಸಿ ಗ್ರಂಥ ಬರೆದರು. ಬೀಜಗಣಿತಕ್ಕೆ ಆಲ್ಜಿಬ್ರಾ ಎಂಬ ಹೆಸರು ಬಂದುದೂ ಅವರ ಇನ್ನೊಂದು ಗ್ರಂಥದ ಹೆಸರಿನಲ್ಲಿದ್ದ ಅಲ್ ಜಬ್ರ್ ಎಂಬ ಪದದಿಂದಲೇ.

ಈ ಮಾತನ್ನು ಹೇಳಿ ಹೆಮ್ಮೆಪಟ್ಟು ಕೂತರೆ ಪ್ರಯೋಜನವಿಲ್ಲ. ಅವರು ಆ ಗ್ರಂಥವನ್ನು ಏತಕ್ಕಾಗಿ ಬರೆದರು ಎಂಬುದನ್ನು ನೋಡಬೇಕು. ವಾರೀಸು ಹಂಚಿಕೆ, ಮರಣಶಾಸನ, ವ್ಯಾಪಾರ, ಜಮೀನಿನ ಅಳತೆ, ಕಾಲುವೆ ತೋಡುವುದು ಮುಂತಾದ ಜನರ ನಿತ್ಯದ ಅಗತ್ಯಗಳಿಗಾಗಿ ಬರೆದರು. ಗ್ರಂಥದ ದೊಡ್ಡ ಭಾಗವೇ ವಾರೀಸಿನ ಲೆಕ್ಕಗಳಿಗೆ ಮೀಸಲಾಗಿದೆ. ವಾರೀಸಿನ ಲೆಕ್ಕದಲ್ಲಿ ಒಂದು ತಪ್ಪಾದರೆ ಅದು ಬರಿಯ ಅಂಕೆಯ ತಪ್ಪಲ್ಲ. ಮಗಳ ಪಾಲು ಇನ್ನೊಬ್ಬರ ಕೈಗೆ ಹೋಗುತ್ತದೆ, ವಿಧವೆಯ ಹಕ್ಕು ಕಳೆಯುತ್ತದೆ. ಆದ್ದರಿಂದ ಲೆಕ್ಕವನ್ನು ಸರಿಯಾಗಿ ಮಾಡುವುದು ದಾಸರ ಹಕ್ಕುಗಳಿಗೆ ಸಂಬಂಧಿಸಿದ ವಿಷಯ. ನಂಬಿ ಒಪ್ಪಿಸಿದ್ದನ್ನು ಹಕ್ಕುದಾರರಿಗೆ ಮುಟ್ಟಿಸಬೇಕೆಂಬ ಕುರ್‌ಆನಿನ ಆಜ್ಞೆ ಲೆಕ್ಕ ಬರೆಯುವವನಿಗೂ ಅನ್ವಯಿಸುತ್ತದೆ. ಇದೇ ಅಮಾನತ್.

ರಾಶಿಯ ಒಳಗಿನ ತೇವ

ಒಮ್ಮೆ ಪ್ರವಾದಿವರ್ಯರು(ಸ) ಪೇಟೆಯಲ್ಲಿ ಧಾನ್ಯದ ರಾಶಿಯೊಂದರ ಬಳಿ ಬಂದರು. ಕೈಯನ್ನು ರಾಶಿಯೊಳಗೆ ಇಳಿಸಿದಾಗ ಬೆರಳಿಗೆ ತೇವ ತಾಗಿತು. ಮಳೆಗೆ ನೆನೆದಿದೆ ಎಂದು ವ್ಯಾಪಾರಿ ಹೇಳಿದನು. ಹಾಗಾದರೆ ಜನರಿಗೆ ಕಾಣುವಂತೆ ನೆನೆದುದನ್ನು ಮೇಲೆ ಏಕೆ ಇಡಲಿಲ್ಲ ಎಂದು ಕೇಳಿದ ಪ್ರವಾದಿವರ್ಯರು(ಸ), ವಂಚಿಸುವವನು ತನ್ನವನಲ್ಲ ಎಂದು ಎಚ್ಚರಿಸಿದರು. ಗಮನಿಸಿರಿ, ಮಳೆ ಬಂದದ್ದು ವ್ಯಾಪಾರಿಯ ತಪ್ಪಲ್ಲ. ತೇವವನ್ನು ಮರೆಮಾಚಿದ್ದು ತಪ್ಪು. ಪ್ರೋಗ್ರಾಮ್ ಬರೆಯುವವನ ಕೆಲಸವೆಲ್ಲ ಇಂತಹ ರಾಶಿಯೇ. ದೋಷ ಬರುವುದು ಸಹಜ. ಅದನ್ನು ಮುಚ್ಚಿ ಮೇಲೆ ಒಣಗಿದ ಧಾನ್ಯ ಹರಡುವುದು ವಂಚನೆ.

ಮುಚ್ಚಿಟ್ಟ ತೇವ ಏನು ಮಾಡಬಲ್ಲದು ಎಂಬುದಕ್ಕೆ ಬ್ರಿಟನ್ನಿನ ಅಂಚೆ ಕಚೇರಿಗಳ ಪ್ರಕರಣವನ್ನು ನೋಡಿರಿ. 1999ರಿಂದ ಅಲ್ಲಿನ ಅಂಚೆ ಕಚೇರಿಗಳಲ್ಲಿ ಹೊರೈಜನ್ ಎಂಬ ಕಂಪ್ಯೂಟರ್ ಲೆಕ್ಕ ಬಂತು. ಆ ಬಳಿಕ ಅನೇಕ ಕಚೇರಿಗಳಲ್ಲಿ ಇಲ್ಲದ ಕೊರತೆಯನ್ನು ಪರದೆ ತೋರಿಸತೊಡಗಿತು. ಕಚೇರಿ ನಡೆಸುತ್ತಿದ್ದ ಸಾಮಾನ್ಯರು ತಮ್ಮ ಉಳಿತಾಯದಿಂದ ಆ ಕೊರತೆ ತುಂಬಿದರು. ತುಂಬಲಾಗದವರ ಮೇಲೆ ಕಳ್ಳತನದ ಮೊಕದ್ದಮೆ ಬಿತ್ತು. 2015ರ ವೇಳೆಗೆ 900ಕ್ಕೂ ಹೆಚ್ಚು ಮಂದಿ ಅಪರಾಧಿಗಳೆನಿಸಿದರು. ಭಾರತೀಯ ಮೂಲದವರೂ ಅವರಲ್ಲಿದ್ದರು. ಕೆಲವರು ಜೈಲು ಸೇರಿದರು, ಕೆಲವರು ಕಳಂಕ ಅಳಿಯುವ ಮೊದಲೇ ತೀರಿಕೊಂಡರು. ತಂತ್ರಾಂಶದಲ್ಲಿ ದೋಷಗಳಿದ್ದುದನ್ನು 2019ರಲ್ಲಿ ಉಚ್ಚ ನ್ಯಾಯಾಲಯ ಹೇಳಿತು. 2024ರಲ್ಲಿ ಸಂಸತ್ತು ಕಾನೂನು ಮಾಡಿ ಶಿಕ್ಷೆಗಳನ್ನು ರದ್ದುಗೊಳಿಸಿತು. ಇಲ್ಲಿ ಯಂತ್ರವೇ ಸಾಕ್ಷಿಯಾಗಿ ನಿಂತಿತ್ತು. ಅದರ ಮಾತಿನ ಮುಂದೆ ಮನುಷ್ಯನ ಮಾತಿಗೆ ಬೆಲೆ ಇರಲಿಲ್ಲ. ಸ್ವಂತದವರಿಗೆ ವಿರುದ್ಧವಾದರೂ ಸತ್ಯಸಾಕ್ಷ್ಯ ನುಡಿಯಬೇಕೆಂದು ಕುರ್‌ಆನ್ ಆಜ್ಞಾಪಿಸುತ್ತದೆ. ನಾಳೆ ನೀವು ಬರೆಯುವ ಒಂದೊಂದು ಪ್ರೋಗ್ರಾಮ್ ಕೂಡ ಯಾರದೋ ಪರವಾಗಿ ಅಥವಾ ವಿರುದ್ಧವಾಗಿ ಸಾಕ್ಷ್ಯ ನುಡಿಯುತ್ತದೆ ಎಂಬುದನ್ನು ಮರೆಯದಿರಿ.

ಉದ್ದೇಶ ಒಳ್ಳೆಯದಿದ್ದರೆ ಸಾಕೇ?

ನನ್ನ ಮನಸ್ಸಿನಲ್ಲಿ ಕೆಡುಕಿಲ್ಲ, ಕರ್ಮಗಳು ಉದ್ದೇಶವನ್ನು ಅವಲಂಬಿಸಿವೆಯಲ್ಲವೇ ಎಂದು ನೀವು ಕೇಳಬಹುದು. ಪ್ರಶ್ನೆ ಸರಿಯಾದುದೇ. ಅದರ ಉತ್ತರವೂ ಪ್ರವಾದಿ ವಚನದಲ್ಲಿಯೇ ಇದೆ. ವೈದ್ಯವಿದ್ಯೆ ಅರಿಯದೆ ಚಿಕಿತ್ಸೆಗೆ ಕೈ ಹಾಕಿದವನು ಆಗುವ ಹಾನಿಗೆ ಹೊಣೆಗಾರನೆಂದು ಪ್ರವಾದಿವರ್ಯರು(ಸ) ಕಲಿಸಿದರು. ಅವನ ಉದ್ದೇಶ ರೋಗಿಯನ್ನು ಗುಣಪಡಿಸುವುದೇ ಆಗಿರಬಹುದು. ಆದರೆ ಕಲಿಯಬೇಕಾದುದನ್ನು ಕಲಿಯದೆ ಕೈ ಹಾಕಿದ್ದೇ ಅವನ ಅಪರಾಧ. ಮರೆವಿನಿಂದಾದ ಪ್ರಮಾದವನ್ನು ಅಲ್ಲಾಹನು ಕ್ಷಮಿಸುತ್ತಾನೆ. ಎಚ್ಚರ ವಹಿಸಿಯೂ ತಪ್ಪುವುದು ಬೇರೆ, ಎಚ್ಚರವೇ ಬೇಡವೆಂದು ಕೂರುವುದು ಬೇರೆ.

ಥೆರಾಕ್-25 ಎಂಬುದು ಕ್ಯಾನ್ಸರ್ ರೋಗಿಗಳಿಗೆ ವಿಕಿರಣ ಚಿಕಿತ್ಸೆ ಕೊಡುವ ಯಂತ್ರವಾಗಿತ್ತು. 1985 ಮತ್ತು 1987ರ ನಡುವೆ ಅಮೆರಿಕಾ ಮತ್ತು ಕೆನಡಾಗಳಲ್ಲಿ ಅದು 6 ಮಂದಿಗೆ ಮಿತಿಮೀರಿದ ವಿಕಿರಣ ಹಾಯಿಸಿತು. ಅದರಿಂದ ಸಾವುಗಳೂ ಸಂಭವಿಸಿದವು. ಚಿಕಿತ್ಸೆಯ ವಿಧಾನವನ್ನು ತಪ್ಪಾಗಿ ಒತ್ತಿದ ನಿರ್ವಾಹಕಿ ಕೆಲವೇ ಸೆಕೆಂಡುಗಳಲ್ಲಿ ಅದನ್ನು ತಿದ್ದಿದರೆ, ಪರದೆಯಲ್ಲಿ ತಿದ್ದುಪಡಿ ಕಾಣುತ್ತಿತ್ತು, ಯಂತ್ರದ ಒಳಗೆ ಆಗಿರುತ್ತಿರಲಿಲ್ಲ. ಹಳೆಯ ಮಾದರಿಗಳಲ್ಲಿ ಇಂತಹ ಅಪಾಯ ತಡೆಯಲು ಪ್ರತ್ಯೇಕ ಉಪಕರಣಗಳಿದ್ದವು. ಹೊಸದರಲ್ಲಿ ಪ್ರೋಗ್ರಾಮನ್ನೇ ನಂಬಿ ಅವುಗಳನ್ನು ತೆಗೆಯಲಾಗಿತ್ತು. ಅದನ್ನು ಬರೆದವನು ಯಾರನ್ನೂ ಕೊಲ್ಲಲು ಬಯಸಿರಲಿಲ್ಲ. ಆದರೂ ರೋಗಿಗಳು ಸತ್ತರು.

ಇನ್ನು ಮೇಲಿನವರ ಅಪ್ಪಣೆಯ ಮಾತು. 2015ರಲ್ಲಿ ಫೋಕ್ಸ್‌ವ್ಯಾಗನ್ ಕಾರುಗಳ ಗುಟ್ಟು ಬಯಲಾಯಿತು. ಹೊಗೆಯ ಪರೀಕ್ಷೆ ನಡೆಯುತ್ತಿದೆ ಎಂಬುದನ್ನು ಕಾರಿನ ತಂತ್ರಾಂಶ ಗುರುತಿಸುತ್ತಿತ್ತು. ಪರೀಕ್ಷೆಯ ವೇಳೆ ಹೊಗೆ ಶುದ್ಧ. ರಸ್ತೆಗಿಳಿದರೆ ಮಿತಿಗಿಂತ ಎಷ್ಟೋ ಪಟ್ಟು ಹೆಚ್ಚು ವಿಷಾನಿಲ. ಸುಮಾರು 1 ಕೋಟಿ 10 ಲಕ್ಷ ಕಾರುಗಳಲ್ಲಿ ಈ ತಂತ್ರಾಂಶವಿತ್ತು. 2017ರಲ್ಲಿ ಅಮೆರಿಕಾದ ನ್ಯಾಯಾಲಯ ಒಬ್ಬ ಇಂಜಿನಿಯರನಿಗೆ 40 ತಿಂಗಳ ಸೆರೆವಾಸ ವಿಧಿಸಿತು. ಸಂಸ್ಥೆಯ ಮೇಲಿನ ನಿಷ್ಠೆಯಿಂದ ಆತ ಹಾಗೆ ಮಾಡಿದನೆಂಬ ವಾದ ಅವನನ್ನು ಉಳಿಸಲಿಲ್ಲ. ಸೃಷ್ಟಿಕರ್ತನ ಆಜ್ಞೆ ಮೀರಬೇಕಾದಲ್ಲಿ ಸೃಷ್ಟಿಯ ಅನುಸರಣೆ ಇಲ್ಲ ಎಂಬುದು ಇಸ್ಲಾಮಿನ ಸ್ಪಷ್ಟ ನಿಲುವು. ನೋಡುವವರಿದ್ದಾಗ ಒಂದು ನಡತೆ, ಇಲ್ಲದಿದ್ದಾಗ ಇನ್ನೊಂದು ನಡತೆ. ಇದಕ್ಕೆ ನಮ್ಮಲ್ಲಿ ಒಂದು ಹೆಸರಿದೆ. ಅದು ನಿಫಾಕ್. ಮನುಷ್ಯ ತನ್ನ ನಿಫಾಕನ್ನು ಯಂತ್ರಕ್ಕೂ ಕಲಿಸಬಲ್ಲ ಎಂಬುದು ಈ ಕಾಲದ ಪಾಠ.

ಅಭ್ಯಾಸ ಆರಂಭವಾಗುವುದು ಲ್ಯಾಬಿನಲ್ಲಿ

ಇವೆಲ್ಲ ದೊಡ್ಡ ಸಂಸ್ಥೆಗಳ ಸಂಗತಿ, ಮೊದಲ ವರ್ಷದ ನಮಗೇನು ಎನ್ನಬೇಡಿ. ದೊಡ್ಡ ವಂಚನೆ ಒಂದೇ ದಿನದಲ್ಲಿ ಹುಟ್ಟುವುದಿಲ್ಲ. ಗೆಳೆಯನ ಲ್ಯಾಬ್ ರೆಕಾರ್ಡನ್ನು ನಕಲು ಮಾಡಿ ಸಹಿ ಹಾಕಿಸಿಕೊಳ್ಳುವುದು, ಪ್ರೋಗ್ರಾಮ್ ಓಡದಿದ್ದರೂ ಉತ್ತರವನ್ನು ಕೈಯಾರೆ ಬರೆದಿಡುವುದು, ಕೊಂಡು ತಂದ ಪ್ರಾಜೆಕ್ಟಿಗೆ ಸ್ವಂತ ಹೆಸರು ಹಾಕುವುದು ಮುಂತಾದವುಗಳಿಂದ ಅದರ ಅಭ್ಯಾಸ ಆರಂಭವಾಗುತ್ತದೆ. ಎಲ್ಲರೂ ಮಾಡುತ್ತಾರೆ, ರೆಕಾರ್ಡನ್ನು ಯಾರೂ ಓದುವುದಿಲ್ಲ ಎಂಬ ಮಾತು ಕೇಳಿಬರುತ್ತದೆ. ಓದದಿರಬಹುದು. ಆದರೆ ನಿಮ್ಮ ಪದವಿಪತ್ರವು ಒಂದು ಸಾಕ್ಷ್ಯ. ಇವನಿಗೆ ಈ ವಿದ್ಯೆ ತಿಳಿದಿದೆ ಎಂದು ವಿಶ್ವವಿದ್ಯಾಲಯ ಲೋಕಕ್ಕೆ ಹೇಳುತ್ತದೆ. ನಕಲು ಮಾಡಿದವನು ಆ ಸಾಕ್ಷ್ಯವನ್ನು ಸುಳ್ಳಾಗಿಸುತ್ತಾನೆ. ನಂಬಿ ಕೆಲಸ ಕೊಟ್ಟವನು ರಾಶಿಯ ಮೇಲಿನ ಒಣ ಧಾನ್ಯ ನೋಡಿ ಕೊಂಡವನಾಗುತ್ತಾನೆ.

2022ರ ಕೊನೆಯಲ್ಲಿ ಚಾಟ್‌ಜಿಪಿಟಿ ಬಂದ ಬಳಿಕ ಈ ಪರೀಕ್ಷೆ ಇನ್ನೂ ಸೂಕ್ಷ್ಮವಾಗಿದೆ. ಕೇಳಿದೊಡನೆ ಯಂತ್ರವೇ ಪ್ರೋಗ್ರಾಮ್ ಬರೆದು ಕೊಡುತ್ತದೆ. ಅದನ್ನು ಬಳಸುವುದು ಪಾಪವೆಂದಲ್ಲ. ತಿಳಿಯದುದನ್ನು ಗುರುವಿನಲ್ಲಿ ಕೇಳಿದಂತೆ ಅದರಲ್ಲಿ ಕೇಳಿ ಕಲಿಯಬಹುದು. ಆದರೆ ಅದು ತಪ್ಪನ್ನೂ ಅಳುಕಿಲ್ಲದೆ ಹೇಳುತ್ತದೆ, ಹಾನಿಯಾದರೆ ಅದನ್ನು ವಿಚಾರಣೆಗೆ ನಿಲ್ಲಿಸುವಂತಿಲ್ಲ. ವಿಚಾರಣೆಯಾಗುವುದು ನಿಮ್ಮದು. ಆದ್ದರಿಂದ ಒಂದು ಅಳತೆಗೋಲು ಇಟ್ಟುಕೊಳ್ಳಿ. ಪರದೆ ಮುಚ್ಚಿ ಒಂದೊಂದು ಸಾಲಿನ ಅರ್ಥವನ್ನು ವೈವಾದಲ್ಲಿ ವಿವರಿಸಬಲ್ಲಿರಾ? ಬಲ್ಲಿರಾದರೆ ಅದು ನೀವು ಕಲಿತದ್ದು. ಆಗಲೂ ಅಧ್ಯಾಪಕರು ಬೇಡವೆಂದಲ್ಲಿ ಬಳಸಬೇಡಿ, ಬಳಸಿದಲ್ಲಿ ಬಚ್ಚಿಡಬೇಡಿ. ವಿವರಿಸಲಾರಿರಾದರೆ ಅದು ನಿಮ್ಮದಲ್ಲ.

ಕೆಲವು ಮಾತುಗಳು

ಒಂದನೆಯದಾಗಿ, ಗಣಿತವನ್ನು ಅಸಡ್ಡೆ ಮಾಡದಿರಿ. ಪ್ರೋಗ್ರಾಮಿನ ಭಾಷೆಗಳು ಬದಲಾಗುತ್ತವೆ. ತರ್ಕ, ಲೆಕ್ಕ, ಮಾಹಿತಿಯನ್ನು ಜೋಡಿಸುವ ಬಗೆ ಇವು ಕೊನೆಯವರೆಗೂ ಕೈಹಿಡಿಯುತ್ತವೆ.

ಎರಡನೆಯದಾಗಿ, ತಪ್ಪು ತೋರಿಸುವುದನ್ನು ದ್ವೇಷಿಸದಿರಿ. ಸತ್ಯವಿಶ್ವಾಸಿಯು ಇನ್ನೊಬ್ಬ ಸತ್ಯವಿಶ್ವಾಸಿಗೆ ಕನ್ನಡಿ ಎಂಬ ಬೋಧನೆ ನಿಮಗೆ ತಿಳಿದಿದೆ. ಕಂಪೈಲರ್ ತೋರುವ ದೋಷವೂ, ನಿಮ್ಮ ಪ್ರೋಗ್ರಾಮ್ ಓದಿ ಗೆಳೆಯ ಹೇಳುವ ದೋಷವೂ ಅಂತಹ ಕನ್ನಡಿಯೇ.

ಮೂರನೆಯದಾಗಿ, ಕನ್ನಡ ಅಥವಾ ಉರ್ದು ಮಾಧ್ಯಮದಲ್ಲಿ ಓದಿ ಬಂದವರು ಕೀಳರಿಮೆ ಬೆಳೆಸಿಕೊಳ್ಳಬೇಡಿ. ವಿಷಯವನ್ನು ಮೊದಲು ಮನೆಯ ಭಾಷೆಯಲ್ಲಿ, ಅದು ಕನ್ನಡವಿರಲಿ, ಉರ್ದುವಿರಲಿ, ಬ್ಯಾರಿ ಇರಲಿ, ನಿಮಗೆ ನೀವೇ ಹೇಳಿಕೊಳ್ಳಿ. ಅರ್ಥವಾದದ್ದನ್ನು ಇಂಗ್ಲಿಷಿನಲ್ಲಿ ಹೇಳಲು ಸಮಯ ಬೇಕಾಗಬಹುದು, ಆದರೆ ಅದು ಬಂದೇ ಬರುತ್ತದೆ.

ನಾಲ್ಕನೆಯದಾಗಿ, ನಮಾಝನ್ನು ಟೈಂಟೇಬಲಿನ ಹೊರಗೆ ಇಡಬೇಡಿ. ಲ್ಯಾಬ್ ಮಧ್ಯೆ ಝುಹ್ರ್ ಬಂದರೆ ವಿನಯದಿಂದ ಅಧ್ಯಾಪಕರಲ್ಲಿ ಕೇಳಿರಿ. ರಾತ್ರಿಯೆಲ್ಲ ಪರದೆಯ ಮುಂದೆ ಕೂತು ಫಜ್ರ್ ಕಳೆದುಕೊಳ್ಳುವುದನ್ನು ಶ್ರಮವೆಂದು ಭಾವಿಸದಿರಿ.

ಐದನೆಯದಾಗಿ, ಕೆಲಸ ಆರಿಸುವಾಗ ಏನನ್ನು ಕಟ್ಟುತ್ತಿದ್ದೇನೆ ಎಂದು ಕೇಳಿಕೊಳ್ಳಿ. ಬಡವನನ್ನು ಬಡ್ಡಿಯಲ್ಲಿ ಸಿಲುಕಿಸುವ ಆ್ಯಪ್, ಯುವಕರನ್ನು ಜೂಜಿಗೆ ಸೆಳೆಯುವ ಆ್ಯಪ್ ಇವುಗಳ ಹಿಂದೆಯೂ ಒಬ್ಬ ಇಂಜಿನಿಯರ್ ಇರುತ್ತಾನೆ. ಸಂದೇಹವಿದ್ದಲ್ಲಿ ವಿದ್ವಾಂಸರೊಂದಿಗೆ ಸಮಾಲೋಚಿಸಿರಿ.

ಕೊನೆಯದಾಗಿ, ಪರದೆಯ ಆಚೆ ಕೂತವರನ್ನು ನೆನೆಯಿರಿ. ಒಂದು ದಾಖಲೆಯಲ್ಲಿ ಮಹಮ್ಮದ್, ಇನ್ನೊಂದರಲ್ಲಿ ಮೊಹಮ್ಮದ್. ಒಂದರಲ್ಲಿ ಬೀಬಿ, ಇನ್ನೊಂದರಲ್ಲಿ ಬಾನು. ಈ ಒಂದಕ್ಷರಕ್ಕಾಗಿ ಕಚೇರಿಯಿಂದ ಕಚೇರಿಗೆ ಅಲೆದವರು ನಮ್ಮ ಮನೆಗಳಲ್ಲೇ ಇದ್ದಾರೆ. ಹೆಸರನ್ನು ಹೋಲಿಸುವ, ಅರ್ಜಿಯನ್ನು ತಿರಸ್ಕರಿಸುವ ಪ್ರೋಗ್ರಾಮನ್ನು ನಾಳೆ ನೀವೇ ಬರೆಯಬೇಕಾಗಬಹುದು. ಆಗ ಆ ಅಜ್ಜಿಯ ಮುಖ ನಿಮ್ಮ ಕಣ್ಣ ಮುಂದಿರಲಿ. ಅವರು ಯಾವ ಧರ್ಮದವರು, ಯಾವ ಊರಿನವರು ಎಂಬ ಭೇದವಿಲ್ಲದೆ ಇರಲಿ.

ಹೆತ್ತವರಲ್ಲಿಯೂ ಒಂದು ಮಾತು. ಮಗ ಅಥವಾ ಮಗಳು ಮನೆಗೆ ಬಂದಾಗ ಎಷ್ಟು ಅಂಕ ಬಂತು, ಯಾವ ಕಂಪನಿ ಬರುತ್ತದೆ ಎಂದಷ್ಟೇ ಕೇಳದಿರಿ. ನೀನೇ ಬರೆದೆಯಾ, ಅರ್ಥವಾಯಿತಾ ಎಂದೂ ಕೇಳಿರಿ. ಪ್ರಾಮಾಣಿಕವಾಗಿ ಬರೆದು ಕಡಿಮೆ ಅಂಕ ತಂದ ಮಗುವನ್ನು ನಕಲು ಮಾಡಿ ಹೆಚ್ಚು ತಂದವರೊಂದಿಗೆ ಹೋಲಿಸಿ ನೋಯಿಸಬೇಡಿ.

ಪ್ರಿಯ ವಿದ್ಯಾರ್ಥಿಗಳೇ, ಈ ಹಾದಿಗೆ ಬೇಕಾದ ತರಬೇತಿ ನಿಮಗೆ ಆಗಲೇ ಸಿಕ್ಕಿದೆ. ರಮಝಾನಿನ ಮಧ್ಯಾಹ್ನ ಬಾಗಿಲು ಹಾಕಿದ ಕೋಣೆಯಲ್ಲಿ, ಪಕ್ಕದಲ್ಲಿ ತಣ್ಣೀರು ಇದ್ದರೂ ನೀವು ಕುಡಿಯಲಿಲ್ಲ. ಯಾವ ಪರೀಕ್ಷಕನೂ ಅಲ್ಲಿರಲಿಲ್ಲ. ನಾವು ಅಲ್ಲಾಹನನ್ನು ನೋಡದಿದ್ದರೂ ಅವನು ನಮ್ಮನ್ನು ನೋಡುತ್ತಿದ್ದಾನೆ ಎಂಬ ಇಹ್ಸಾನಿನ ಅರಿವೇ ಅಲ್ಲಿ ಕಾವಲಿತ್ತು. ಅದೇ ಅರಿವಿನೊಂದಿಗೆ ಕೀಲಿಮಣೆಯ ಮುಂದೆ ಕುಳಿತುಕೊಳ್ಳಿರಿ.

ಪ್ರವಾದಿವರ್ಯರು(ಸ) ಪ್ರಯೋಜನವಿಲ್ಲದ ವಿದ್ಯೆಯಿಂದ ಅಲ್ಲಾಹನ ಅಭಯ ಯಾಚಿಸುತ್ತಿದ್ದರು. ಅಲ್ಲಾಹನು ನಿಮಗೆ ಪ್ರಯೋಜನಕಾರಿಯಾದ ವಿದ್ಯೆಯನ್ನೂ, ಅದನ್ನು ಅಮಾನತೆಂದು ಕಾಯುವ ಸೌಭಾಗ್ಯವನ್ನೂ ಕರುಣಿಸಲಿ. ಆಮೀನ್.