ಮೊದಲಿನ ಹಾಗಿಲ್ಲ

ಅಡಿಕೆ ಸುಲಿಯುವ ರಾತ್ರಿಗಳಲ್ಲಿ ನಡೆಯುವ ಚರ್ಚೆಗೆ ಅಧ್ಯಕ್ಷರಿರುವುದಿಲ್ಲ, ವಂದನಾರ್ಪಣೆಯೂ ಇರುವುದಿಲ್ಲ. ಕೈ ತನ್ನ ಪಾಡಿಗೆ ಮೆಟ್ಟುಗತ್ತಿಯ ಮೇಲೆ ಓಡುತ್ತಿರುತ್ತದೆ. ಬಾಯಿಗೆ ಬೇರೆ ಕೆಲಸವಿಲ್ಲ. ಕಳೆದ ಚಳಿಗಾಲದಲ್ಲಿ ಯಲ್ಲಾಪುರದ ಕಡೆಯ ಚಂದಗುಳಿಯಲ್ಲಿ, ನೆಂಟರ ಮನೆಯ ಜಗಲಿಯ ಮೇಲೆ ಅಂಥದೊಂದು ರಾತ್ರಿ ಕಳೆಯುವ ಯೋಗ ನನಗೆ ಬಂದಿತು. ಪಟ್ಟಣದಲ್ಲಿ ಬಹುಕಾಲ ಪೆನ್ನು ಮಾತ್ರ ಹಿಡಿದ ಕೈ ನನ್ನದು. ಹತ್ತು ಅಡಿಕೆ ಸುಲಿಯುವಷ್ಟರಲ್ಲಿ ಬೆರಳಿಗೆ ಬಟ್ಟೆ ಸುತ್ತಿಕೊಳ್ಳಬೇಕಾಯಿತು. ಆದುದರಿಂದ ಕಷಾಯದ ಲೋಟ ಹಿಡಿದುಕೊಂಡು ಗೋಡೆಗೊರಗಿ ಕುಳಿತು, ಕೇವಲ ಶ್ರೋತೃವಾದೆ.

ಆ ಮನೆಯ ಹುಡುಗ ತನ್ನ ಮೊಬೈಲಿನಲ್ಲಿ ಯಕ್ಷಗಾನದ ಪದ್ಯ ಹಾಕಿದ್ದ. ಹಾಡಿದವರು ಈಗ ಹೆಸರಾಗಿರುವ ಒಬ್ಬ ಭಾಗವತರು. ಪದ್ಯಗಳು ಅವರು ಇತ್ತೀಚೆಗೆ ಹಾಡಿದವು. ಎರಡು ಪದ್ಯ ಮುಗಿಯುವಷ್ಟರಲ್ಲಿ ಮೂಲೆಯಿಂದ ಒಂದು ಕಂಠ ಎದ್ದಿತು: “ಎಂತದೇ ಹೇಳು ಭಾವ, ಮೊದಲಿನ ಹಂಗೆ ಇಲ್ಲೆ.” ಅಷ್ಟು ಸಾಕಾಯಿತು. ಐದು ವರ್ಷದ ಹಿಂದೆ ಇದೇ ಭಾಗವತರು ಹಾಡುತ್ತಿದ್ದ ರೀತಿಯೇ ರೀತಿ ಎಂದು ಒಂದು ಪಕ್ಷ. ಬೆಳೆಯುವ ಕಲಾವಿದ ಹೇಳಿದ್ದನ್ನೇ ಹೇಳುತ್ತ ಕೂರಬೇಕೇ ಎಂದು ಇನ್ನೊಂದು ಪಕ್ಷ. ಪದ್ಯ ಹಾಕಿದ ಹುಡುಗನೇ ಕೊನೆಗೆ ಮೊದಲಿನ ಪಕ್ಷಕ್ಕೆ ಸೇರಿ, ಚರ್ಚೆಗೆ ಕಳಶವಿಟ್ಟಂತೆ ಹೇಳಿದ: “ಎಷ್ಟಾದರೂ ಕಾಳಿಂಗ ನಾವಡರ ಕಾಲದ ಪದ್ಯ ಇನ್ನು ಬರಲಿಕ್ಕಿಲ್ಲ. ಶುದ್ಧ ಹಳೆಯ ಪದ್ಧತಿ ಅಂದರೆ ಅದು.”

ನನಗೆ ನಗು ತಡೆಯಲಾಗಲಿಲ್ಲ. ಏಕೆಂದರೆ ಸುಮಾರು ನಾಲ್ವತ್ತು ವರ್ಷಗಳ ಹಿಂದೆ ಇದೇ ಜಗಲಿಯ ಮೇಲೆ, ಇದೇ ಕೆಲಸ ಮಾಡುತ್ತ, ಈ ಹುಡುಗನ ಅಜ್ಜ ಅದೇ ನಾವಡರ ಕ್ಯಾಸೆಟ್ಟನ್ನು ನಿಲ್ಲಿಸಲು ಹೇಳಿದ್ದನ್ನು ನಾನು ಕಿವಿಯಾರೆ ಕೇಳಿದ್ದೆ. “ಇದು ಯಕ್ಷಗಾನ ಅಲ್ಲ, ಸಂಗೀತ ಕಚೇರಿ” ಎಂಬುದು ಅಜ್ಜನ ತೀರ್ಪು. ನಾವಡರು ಪರಂಪರೆಯನ್ನು ಕೆಡಿಸಿದರೆಂದು ಅಜ್ಜ. ಅದೇ ನಾವಡರು ಪರಂಪರೆಯ ಮೇರುವೆಂದು ಮೊಮ್ಮಗ. ಹಾಡು ಮಾತ್ರ ಒಂದೇ. ಕ್ಯಾಸೆಟ್ಟಿನಲ್ಲಿ ಒಂದು ಸ್ವರವೂ ಬದಲಾಗಿಲ್ಲ.

ಗುಂಡ್ಮಿಯಲ್ಲಿ 1958ರಲ್ಲಿ ಹುಟ್ಟಿದ ಕಾಳಿಂಗ ನಾವಡರು ಭಾಗವತರ ಮನೆಯ ಮಗ. ನಾರ್ಣಪ್ಪ ಉಪ್ಪೂರರಂಥ ಸಂಪ್ರದಾಯನಿಷ್ಠ ಗುರುವಿನ ಶಿಷ್ಯ. ಹಳೆಯ ಮಟ್ಟುಗಳನ್ನು ಬಲ್ಲವರಾಗಿದ್ದೂ ಅವುಗಳ ಬೇಲಿಯಾಚೆ ಕಣ್ಣು ಹಾಯಿಸಿದರು. ಹೊಸ ರಾಗಗಳನ್ನು ತಂದರು, ಪದ್ಯದ ಒಂದು ಮಾತಿನ ಸುತ್ತ ಸುಳಿದಾಡಿ ಭಾವವನ್ನು ಹಿಂಡಿದರು. ಪುರಾಣದ ಕಥೆಗಳು ಸಾಲದೆಂಬಂತೆ ‘ನಾಗಶ್ರೀ’ಯಂಥ ಕಾಲ್ಪನಿಕ ಪ್ರಸಂಗಗಳನ್ನು ತಾವೇ ಬರೆದರು. ಸಾಲಿಗ್ರಾಮ ಮೇಳದ ಡೇರೆಯ ಮುಂದೆ ಜನ ಕಿಕ್ಕಿರಿದರು. 1990ರಲ್ಲಿ, ಮೂವತ್ತೆರಡು ತುಂಬುವ ಮೊದಲೇ, ರಸ್ತೆ ಅಪಘಾತದಲ್ಲಿ ತೀರಿಕೊಂಡರು. ಆ ಕಂಠಕ್ಕೆ ಮುಪ್ಪು ಬರಲಿಲ್ಲ. ಬಂದಿದ್ದರೆ, “ನಾವಡರು ಮೊದಲಿನ ಹಾಗಿಲ್ಲ” ಎಂಬ ಮಾತನ್ನು ಅವರೂ ಕೇಳಬೇಕಾಗಿತ್ತೆಂಬುದರಲ್ಲಿ ನನಗೆ ಸಂಶಯವಿಲ್ಲ.

ಇದೇನೂ ನಮ್ಮ ಕಾಲದ ರೋಗವಲ್ಲ. ‘ಮಾಳವಿಕಾಗ್ನಿಮಿತ್ರ’ದ ಆರಂಭದಲ್ಲಿಯೇ, ಭಾಸ, ಸೌಮಿಲ್ಲ, ಕವಿಪುತ್ರರಂಥ ಹೆಸರಾಂತವರಿರುವಾಗ ಈಗಿನ ಈ ಕಾಳಿದಾಸನ ಕೃತಿಗೇಕೆ ಇಷ್ಟು ಆದರವೆಂದು ಒಬ್ಬ ಕೇಳುತ್ತಾನೆ. ಹಳೆಯದೆಂಬ ಮಾತ್ರಕ್ಕೆ ಒಳ್ಳೆಯದಲ್ಲವೆಂದು ಸೂತ್ರಧಾರ ಸಮಾಧಾನ ಹೇಳುತ್ತಾನೆ. ಸೌಮಿಲ್ಲ, ಕವಿಪುತ್ರರ ನಾಟಕಗಳು ಇಂದು ನಮಗೆ ದೊರೆಯುವುದಿಲ್ಲ. ಅಂದು ‘ಈಗಿನವ’ನಾಗಿದ್ದ ಕಾಳಿದಾಸನೇ ಇಂದು ಹೊಸಬರನ್ನು ಅಳೆಯುವ ಕೋಲಾಗಿದ್ದಾನೆ.

ಇಷ್ಟು ಹೇಳಿ ನಕ್ಕುಬಿಟ್ಟರೆ ಪ್ರಶ್ನೆ ತೀರುವುದಿಲ್ಲ. ಕಲಾವಿದ ಬದಲಾದಾಗ ರಸಿಕನಿಗೆ ನೋವಾಗುವುದು ಸುಳ್ಳಲ್ಲ. ಆ ನೋವಿಗೆ ಏನಾದರೂ ಹಕ್ಕು ಉಂಟೆ? “ನೀನು ಮೊದಲಿನ ಹಾಗೆ ಹಾಡು” ಎಂದು ಹೇಳುವ ಅಧಿಕಾರ ನಮಗೆ ಎಲ್ಲಿಂದ ಬಂತು?

ಒಂದು ಉತ್ತರವೆಂದರೆ, ಅವನನ್ನು ಬೆಳೆಸಿದವರು ನಾವು ಎಂಬುದು. ಟಿಕೇಟು ಕೊಂಡು, ನಿದ್ದೆಗೆಟ್ಟು, ಚಪ್ಪಾಳೆ ತಟ್ಟಿ ಅವನಿಗೆ ಹೆಸರು ತಂದವರು ನಾವಲ್ಲವೆ? ಈ ವಾದ ನನಗೆ ಎಂದೂ ಹಿಡಿಸಿಲ್ಲ. ಅವನು ಹಾಡಿದ ರಾತ್ರಿಯೇ ನಮ್ಮ ಲೆಕ್ಕ ಚುಕ್ತಾ ಆಗಿತ್ತು. ನಾವು ಕೊಟ್ಟಿದ್ದು ಒಂದು ರಾತ್ರಿಯ ನಿದ್ದೆ. ಪಡೆದದ್ದು ನಾಲ್ವತ್ತು ವರ್ಷ ಕಳೆದರೂ ಕಿವಿಯಲ್ಲಿ ಉಳಿಯುವ ಹಾಡು. ಬಾಕಿ ಏನಾದರೂ ಇದ್ದರೆ ಅದು ನಮ್ಮ ಕಡೆಯಿಂದಲೇ ಇರಬೇಕು.

ಎರಡನೆಯ ಉತ್ತರ ಇದಕ್ಕಿಂತ ಗಟ್ಟಿಯಾದದ್ದು. ಕಲೆ ಕಲಾವಿದನೊಬ್ಬನ ಸ್ವಂತ ಆಸ್ತಿಯಲ್ಲ. ಅದು ಹಲವರು ಕೂಡಿ ಕಟ್ಟಿದ ಮನೆ. ತನ್ನಿಚ್ಛೆಯಂತೆ ಕಂಬ ಕೀಳಲು ಅವನಾರು? ಯಕ್ಷಗಾನದಲ್ಲಿ ಈ ಮಾತಿಗೆ ತುಂಬ ಅರ್ಥವಿದೆ. ಅಲ್ಲಿ ಭಾಗವತ ಮೊದಲನೆಯ ವೇಷವಂತೆ. ಆಟವನ್ನು ನಡೆಯಿಸುವವನು ಅವನು. ಆದರೆ ಆಟ ಅವನೊಬ್ಬನದಲ್ಲ. ಪದ್ಯ ಹಿಗ್ಗಿದರೆ ಮುಂದೆ ನಿಂತ ವೇಷಧಾರಿ ಕುಣಿದದ್ದನ್ನೇ ಕುಣಿಯುತ್ತ ಕಾಯಬೇಕು. ಅರ್ಥ ಹೇಳುವವನ ಹೊತ್ತು ಕುಗ್ಗುತ್ತದೆ. ಚಂಡೆ ಮದ್ದಳೆಗಳು ರಾಗದ ಹಿಂದೆ ಹೆಜ್ಜೆ ಹಾಕಬೇಕಾಗುತ್ತದೆ. ಜಗಲಿಯ ಆ ಅಜ್ಜ “ಸಂಗೀತ ಕಚೇರಿ” ಎಂದಾಗ ಇದನ್ನೇ ಹೇಳುತ್ತಿದ್ದರೆಂದು ನನಗೆ ಈಗ ತೋರುತ್ತದೆ. ಕೆರೆಮನೆಯ ಮೇಳದಲ್ಲಿ ದಶಕಗಳ ಕಾಲ ಹಾಡಿದ ನೆಬ್ಬೂರು ನಾರಾಯಣ ಭಾಗವತರ ಮಿತವಾದ, ವೇಷಕ್ಕೆ ದಾರಿ ಬಿಡುವ ಹಾಡಿಕೆಯನ್ನು ಮೆಚ್ಚಿದವರು ಹಳತಿನ ಹುಚ್ಚಿನಿಂದ ಮಾತ್ರ ಮೆಚ್ಚಿದವರಲ್ಲ.

ಆದರೂ ಪರಂಪರೆಯ ಹೆಸರು ಹಿಡಿದು ಹೊರಟರೆ ವಿಚಿತ್ರವಾದ ಜಾಗಕ್ಕೆ ಬಂದು ನಿಲ್ಲುತ್ತೇವೆ. ಶಿವರಾಮ ಕಾರಂತರಷ್ಟು ಶ್ರದ್ಧೆಯಿಂದ ಯಕ್ಷಗಾನದ ಹಳೆಯ ರೂಪವನ್ನು ಹುಡುಕಿದವರು ಯಾರಿದ್ದಾರೆ? ‘ಯಕ್ಷಗಾನ ಬಯಲಾಟ’ ಗ್ರಂಥಕ್ಕಾಗಿ 1959ರಲ್ಲಿ ಸಾಹಿತ್ಯ ಅಕಾಡೆಮಿಯ ಪ್ರಶಸ್ತಿ ಪಡೆದವರು ಅವರು. ಅದೇ ಕಾರಂತರು ತಮ್ಮ ಪ್ರಯೋಗಗಳಲ್ಲಿ ಮಾತನ್ನು ಕೈಬಿಟ್ಟರು. ಪಿಟೀಲು, ಸ್ಯಾಕ್ಸೋಫೋನುಗಳನ್ನು ಕರೆತಂದರು. ಪರಂಪರೆಯ ಕಾವಲುಗಾರರೂ ಅವರೇ, ಅದರ ಗೋಡೆಯಲ್ಲಿ ಕಿಟಕಿ ಕೊರೆದವರೂ ಅವರೇ. ಮನೆಯನ್ನು ಚೆನ್ನಾಗಿ ಬಲ್ಲವನಿಗೆ ಯಾವ ಕಂಬ ಭಾರ ಹೊತ್ತಿದೆ, ಯಾವುದು ಬರಿದೇ ನಿಂತಿದೆ ಎಂಬುದು ತಿಳಿದಿರುತ್ತದೆ. ಹೊರಗೆ ನಿಂತ ನಮಗೆ ಕಂಬಗಳೆಲ್ಲ ಒಂದೇ.

ಮೂರನೆಯ ಸಂದರ್ಭ ಇನ್ನೂ ಸೂಕ್ಷ್ಮವಾದದ್ದು. ಕೆಲವೊಮ್ಮೆ ಕಲಾವಿದ ಬದಲಾಗುವುದು ಇಚ್ಛೆಯಿಂದಲ್ಲ. ಬೆಳಗಾವಿ ಜಿಲ್ಲೆಯ ಸುಳೇಭಾವಿಯಲ್ಲಿ 1924ರಲ್ಲಿ ಹುಟ್ಟಿದ ಶಿವಪುತ್ರ ಕೊಂಕಾಳಿಮಠ ಎಂಬ ಬಾಲಕ, ದೊಡ್ಡ ಗಾಯಕರ ಗ್ರಾಮೋಫೋನ್ ತಟ್ಟೆಗಳನ್ನು ಕೇಳಿ, ಕೇಳಿದ್ದನ್ನು ಹಾಗೆ ಹಾಗೆಯೇ ಹಾಡಿ ಜನರನ್ನು ಬೆರಗುಗೊಳಿಸುತ್ತಿದ್ದ. ಅವನಿಗೆ ಕುಮಾರ ಗಂಧರ್ವ ಎಂಬ ಬಿರುದು ಬಂದಿತು, ಬಿರುದೇ ಹೆಸರಾಯಿತು. ಪ್ರಾಯ ಬಂದ ಮೇಲೆ ಕ್ಷಯ ತಗಲಿತು. ಹವೆಗಾಗಿ ಮಧ್ಯಭಾರತದ ದೇವಾಸದಲ್ಲಿ ನೆಲಸಿದರು, ವೈದ್ಯರು ಹಾಡಬಾರದೆಂದರು. ವರ್ಷಗಟ್ಟಲೆ ಹಾಸಿಗೆಯಲ್ಲಿ ಮಲಗಿ, ಮಾಳವದ ಹೆಂಗಸರು, ಭಿಕ್ಷುಕರು ಹಾಡುತ್ತ ಹೋಗುವುದನ್ನು ಕೇಳಿದರು. 1950ರ ದಶಕದಲ್ಲಿ ಮತ್ತೆ ವೇದಿಕೆಗೆ ಬಂದಾಗ ಅವರ ಒಂದು ಶ್ವಾಸಕೋಶ ಬಹುಮಟ್ಟಿಗೆ ನಿರುಪಯೋಗಿಯಾಗಿತ್ತು. ಉದ್ದನೆಯ ತಾನುಗಳ ಜಾಗದಲ್ಲಿ ಚಿಕ್ಕ ಚಿಕ್ಕ ತುಣುಕುಗಳು, ನಡುನಡುವೆ ಮೌನ. ಖ್ಯಾಲಿನ ಪಕ್ಕದಲ್ಲಿ ಜಾನಪದದ ಧಾಟಿ, ನಿರ್ಗುಣ ಭಜನೆ. ಘರಾಣೆಯ ಶಿಸ್ತು ಬಿಟ್ಟರೆಂದು ಕೆಲವರು ಮುನಿದರು. ಆ ಗಾಯನಕ್ಕೇ ಮನಸೋತವರು ಅವರಿಗಿಂತ ಹೆಚ್ಚಾದರು. ಮುಂದೆ 1990ರಲ್ಲಿ ಪದ್ಮವಿಭೂಷಣ ಬಂದಿತು.

ಇಂಥ ಗಾಯಕನಿಗೆ “ಮೊದಲಿನ ಹಾಗೆ ಹಾಡಿ” ಎಂದರೆ, ಮೊದಲಿನ ಶ್ವಾಸಕೋಶವನ್ನು ತಂದುಕೊಳ್ಳಿ ಎಂದಂತೆ. ಮೊದಲು ಅವರನ್ನು ಹೊಗಳಿದ್ದು ಇನ್ನೊಬ್ಬರಂತೆ ಹಾಡಿದ್ದಕ್ಕಾಗಿ. ಆಮೇಲೆ ಕೆಲವರು ತೆಗಳಿದ್ದು ತಮ್ಮಂತೆ ಹಾಡಿದ್ದಕ್ಕಾಗಿ. ಅರವತ್ತು ದಾಟಿದ ಬೇಂದ್ರೆಯವರು ಈ ಜಾತಿಯ ಟೀಕೆಯನ್ನು ಮುಂಗಂಡವರಂತೆ ತಮ್ಮ ಸಂಗ್ರಹಕ್ಕೆ ‘ಅರಳು ಮರಳು’ ಎಂದು ತಾವೇ ಹೆಸರಿಟ್ಟುಬಿಟ್ಟರು. ವಯಸ್ಸಾಯಿತೆಂದು ನಗುವವರು ನಗಲಿ. ಮರಳಿ ಅರಳುವುದನ್ನು ಕಾಣುವವರು ಕಾಣಲಿ!

ಇಷ್ಟನ್ನೆಲ್ಲ ಬಲ್ಲವನಂತೆ ಬರೆಯುತ್ತಿದ್ದೇನೆ. ಆದರೆ ಈ ತಪ್ಪನ್ನು ನಾನೇ ಮಾಡಿದ್ದೇನೆ, ಹೇಳಿಬಿಡುವುದು ಒಳ್ಳೆಯದು.

ನಮ್ಮ ಕಡೆ ಒಬ್ಬ ಭಾಗವತರಿದ್ದರು. ಯಾವ ದೊಡ್ಡ ಮೇಳಕ್ಕೂ ಹೋದವರಲ್ಲ. ತೋಟ ನೋಡಿಕೊಂಡು, ಮಳೆಗಾಲದಲ್ಲಿ ತಾಳಮದ್ದಳೆಗೆ ಹಾಡುತ್ತಿದ್ದರು. ನನಗೆ ಯಕ್ಷಗಾನದ ರುಚಿ ಹತ್ತಿಸಿದ್ದು ಅವರ ಏರುದನಿಯ ಪದ್ಯಗಳು. ಪಟ್ಟಣ ಸೇರಿ ಬಹಳ ವರ್ಷಗಳ ಮೇಲೆ ಊರಿಗೆ ಹೋದಾಗ ಒಂದು ‘ಕರ್ಣಪರ್ವ’ ಗೊತ್ತಾಗಿತ್ತು. ಅವರು ಕಾಯಿಲೆಯಿಂದ ಎದ್ದವರು, ಶ್ರುತಿ ಇಳಿಸಿಕೊಂಡಿದ್ದರು. ಏರಬೇಕಾದಲ್ಲಿ ಏರಲಿಲ್ಲ, ನಿಧಾನವಾಗಿ, ಮಾತಾಡಿದಂತೆ ಹಾಡಿದರು. ನಾನು ಕಾಯುತ್ತಲೇ ಇದ್ದೆ, ನನ್ನ ಹದಿನೈದನೆಯ ವಯಸ್ಸಿನಲ್ಲಿ ಮೈ ಜುಮ್ಮೆನಿಸಿದ್ದ ಆ ಜಾಗ ಬಂದೀತೆಂದು. ಅದು ಬರಲಿಲ್ಲ. ಮುಗಿದ ಮೇಲೆ ಅವರು ನನ್ನ ಬಳಿ ಬಂದು ಕುಳಿತು ಕವಳದ ತಟ್ಟೆ ಎಳೆದುಕೊಂಡರು. ಏನಾದರೂ ಹೇಳಲೆಂದು ಕಾದರು. ನಾನು ಹೇಳಿದೆ: “ಚೆನ್ನಾಗಿತ್ತು. ಆದರೆ ಮೊದಲಿನ ಹಾಗೆ ಆಗಲಿಲ್ಲ, ಭಾಗವತರೆ.” ಅವರು ಎಲೆಗೆ ಸುಣ್ಣ ಸವರುತ್ತ, “ಹೌದೋ ತಮಾ, ಅದಕ್ಕೆ ಮೊದಲಿನವ ಬೇಕಲ್ಲ” ಎಂದು ನಕ್ಕರು.

ಅವರು ತೀರಿಕೊಂಡ ಮೇಲೆ ಅವರ ಮಗನಿಂದ ತಿಳಿಯಿತು: ಏರಲಾರದ ಕಂಠಕ್ಕೆ ಆ ಪದ್ಯಗಳನ್ನು ಹೊಂದಿಸಲು ಅವರು ಇಡೀ ಬೇಸಿಗೆ ಒಬ್ಬರೇ ಕುಳಿತು ಹಾಡಿಕೊಂಡಿದ್ದರಂತೆ. ಆ ರಾತ್ರಿಯ ಧ್ವನಿಮುದ್ರಣವನ್ನೂ ಮಗ ಕೊಟ್ಟ. ಮನೆಗೆ ತಂದು ಕೇಳಿದೆ. ಅದು ಮಹಾಗಾಯನವೆಂದು ಹೇಳಲಾರೆ. ಒಂದೆರಡು ಕಡೆ ಶ್ರುತಿ ಜಾರಿದ್ದೂ ಉಂಟು. ಆದರೆ ರಥದ ಗಾಲಿ ಹೂತ ಮೇಲಿನ ಕರ್ಣ ಅಲ್ಲಿದ್ದ. ಕೂಗಿ ಪ್ರಯೋಜನವಿಲ್ಲವೆಂದು ತಿಳಿದವನ ದನಿ ಅದು. ಅವರ ಎಳೆಯ ಕಾಲದ ಏರುಪದ್ಯಗಳಲ್ಲಿ ಆ ಕರ್ಣ ಇರಲಿಲ್ಲ. ಇರುವುದು ಸಾಧ್ಯವೂ ಇರಲಿಲ್ಲ. ಅಂದು ನಾನು ಎರಡು ಮಾರು ದೂರದಲ್ಲಿ ಕುಳಿತಿದ್ದೆ. ಆದರೂ ಅವರನ್ನು ಕೇಳಿರಲಿಲ್ಲ. ನನ್ನ ಹದಿನೈದನೆಯ ವಯಸ್ಸನ್ನು ಕೇಳಲು ಹೋಗಿದ್ದೆ. ಅದು ಸಿಗಲಿಲ್ಲವೆಂದು ಅವರ ಮೇಲೆ ದೂರು ಹೊರಿಸಿ ಬಂದಿದ್ದೆ.

ಹಾಗಾದರೆ ಕಲಾವಿದ ಮಾಡಿದ್ದೆಲ್ಲ ಸರಿ, ರಸಿಕ ಬಾಯಿ ಮುಚ್ಚಿಕೊಂಡಿರಬೇಕೆ? ಅದೂ ಅಲ್ಲ. ಬದಲಾವಣೆಯೆಲ್ಲ ಬೆಳವಣಿಗೆಯಲ್ಲ. ಡೇರೆ ತುಂಬಿಸುವ ಆಸೆಗೆ ಬದಲಾಗುವವರುಂಟು, ದಣಿದು ಬದಲಾಗುವವರುಂಟು, ಹೊಸದಾಗಿ ಹೇಳಲು ಏನೂ ಇಲ್ಲದೆ ವೇಷ ಮಾತ್ರ ಬದಲಿಸುವವರೂ ಉಂಟು. ಅದನ್ನು ಅದೆಂದು ಹೇಳದಿದ್ದರೆ ರಸಿಕನೆಂಬ ಹೆಸರೇಕೆ? ಚೆನ್ನಾಗಿಲ್ಲವೆನ್ನುವ ಹಕ್ಕು ನಮಗಿದೆ. ಆದರೆ ಹಿಂದಿನಂತಿಲ್ಲ ಎಂಬುದು ಚೆನ್ನಾಗಿಲ್ಲ ಎಂಬುದಕ್ಕೆ ಕಾರಣವಾಗಲಾರದು. ತಕ್ಕಡಿಯ ಒಂದು ತಟ್ಟೆಯಲ್ಲಿ ಈಗಿನ ಹಾಡು. ಇನ್ನೊಂದರಲ್ಲಿ ಆಗಿನ ಹಾಡಿನ ಜೊತೆಗೆ ನಮ್ಮ ಪ್ರಾಯ, ಆಗ ಪಕ್ಕದಲ್ಲಿ ಕುಳಿತಿದ್ದ ಗೆಳೆಯರು, ಮನೆಯಲ್ಲಿ ಬದುಕಿದ್ದ ಹಿರಿಯರು. ಅಂಥ ತಕ್ಕಡಿಯಲ್ಲಿ ತೂಗಿದರೆ ಯಾವ ಕಲಾವಿದ ಗೆದ್ದಾನು?

ಮರುದಿನ ಬೆಳಗ್ಗೆ ಆ ಹುಡುಗನ ಜೊತೆಗೆ ಚಂದಗುಳಿಯ ಗಣಪತಿಯ ದರ್ಶನಕ್ಕೆ ಹೋದೆ. ಘಂಟೆ ಗಣಪತಿ ಎಂದೇ ಅವನ ಖ್ಯಾತಿ. ಹರಕೆ ಫಲಿಸಿದವರು ಬಂದು ಘಂಟೆ ಕಟ್ಟುತ್ತಾರೆ. ಸಣ್ಣವು, ದೊಡ್ಡವು, ಕಪ್ಪಾದವು, ಮೊನ್ನೆ ತೂಗಿದವು ಒತ್ತೊತ್ತಾಗಿ ತೂಗುತ್ತಿರುತ್ತವೆ. ಹುಡುಗ ಕೈ ಎತ್ತಿ ಎರಡು ಮೂರನ್ನು ಬಾರಿಸಿದ. ಒಂದರ ನಾದ ಇನ್ನೊಂದರಂತಿರಲಿಲ್ಲ. ಅದನ್ನು ಯಾರೂ ತಪ್ಪೆಂದೆಣಿಸಿರಲೂ ಇಲ್ಲ.

ಹೊರಗೆ ಬಂದು ಕಟ್ಟೆಯ ಮೇಲೆ ಕುಳಿತಾಗ ಕೇಳಿದೆ: “ನಿನ್ನೆ ಹಾಕಿದ ಪದ್ಯಗಳನ್ನು ನೀನು ಕೊನೆಯವರೆಗೆ ಕೇಳಿದ್ದೀಯಾ?” ಅವನು ಪ್ರಾಮಾಣಿಕ. ಎರಡರ ಮೇಲೆ ಕೇಳಿರಲಿಲ್ಲವೆಂದ. ಅಲ್ಲಿಯೇ ಕುಳಿತು, ಮಾತಾಡದೆ, ಎಲ್ಲವನ್ನೂ ಕೇಳಿದೆವು. ಮುಗಿದ ಮೇಲೆ ಅವನು ಸ್ವಲ್ಪ ಹೊತ್ತು ಸುಮ್ಮನಿದ್ದು ಹೇಳಿದ: “ನಾಲ್ಕನೆಯದು ಭಾರಿ ಚಲೋ ಇದೆ. ಆದರೂ ನನಗೆ ಅವರ ಹಳೆಯದೇ ಹೆಚ್ಚು ಸೇರುತ್ತದೆ.”

ಸೇರಲಿ, ನನ್ನ ತಕರಾರಿಲ್ಲ. ಹಿಂದಿನ ರಾತ್ರಿ ಅವನು ಆಡಿದ್ದು ದೂರು. ಈ ಬೆಳಗ್ಗೆ ಆಡಿದ್ದು ಅಭಿಪ್ರಾಯ.